ಹುಬ್ಬಳ್ಳ್ಯಾಗ ಮನೀಗೇ ಬಂದು ನಾಯಿಗೆ ಕಲಸೋ ಟ್ರೇನರ್: ರೊಕ್ಕ ವಸೂಲ್, ಆದ್ರ ಅವಸರ ಇದ್ದವ್ರಿಗೆ ಅಲ್ಲ

ಮೊದಲ ರೇಟಿಂಗ್ ಹೇಳಿಬಿಡ್ತೀನಿ, ಐದಕ್ಕ ನಾಲ್ಕು. ಒಂದು ಸ್ಟಾರ್ ಯಾಕ ಕಟ್ ಆತು ಅನ್ನೋದು ಕೆಳಗ ಐತಿ. ಟ್ರೇನರ್ ಕೇಶ್ವಾಪುರ ಕಡೆಯವ್ರು, ಒಬ್ರ ಗಾಡಿ ಮ್ಯಾಲೆ ಬರ್ತಾರ, ಕೈಯಾಗ ಬಡಿಗಿ ಇಲ್ಲ ಸರಪಳಿ ಇಲ್ಲ, ಸೊಂಟಕ್ಕ ಒಂದು ಸಣ್ಣ ಚೀಲ ಅಷ್ಟ. ಹೆಸರು ನಂಬರ್ ಹಾಕಬ್ಯಾಡ್ರಿ ಅಂದಾರ, ಅದಕ್ಕ ಹಾಕಿಲ್ಲ, ನಿಮ್ಮ ನಾಯಿ ಡಾಕ್ಟರ್ ಕಡೆ ಕೇಳ್ರಿ, ನಮಗೂ ಹಂಗ ಸಿಕ್ಕಿದ್ದು.

ನಮ್ಮ ನಾಯಿ ಮುಧೋಳ ಕ್ರಾಸ್ ತಳಿ, ಲೋಕಾಪುರದಾಗ ಮಾವನ ಹೊಲದಾಗ ಹುಟ್ಟಿದ ಮರಿ. ಹೆಸರು ಗುಂಡ್ಯಾ, ಮೈಮ್ಯಾಲೆ ನೋಡಿದ್ರ ಎಲಬು ಬಿಟ್ರ ಏನೂ ಇಲ್ಲ. ಮುಧೋಳ ತಳಿ ಎಷ್ಟ್ ಹೆಸರುವಾಸಿ ಅಂತ ನಿಮಗ ಹೇಳೂದು ಬ್ಯಾಡ, 2005ರಾಗ ಅಂಚೆ ಚೀಟಿ ಮ್ಯಾಲೆ ಬಂತು, ಮಿಲಿಟರಿಯವ್ರು ಮೀರತ್‌ಗೆ ಒಯ್ದು ಟ್ರೇನಿಂಗ್ ಕೊಟ್ಟು ನೋಡಿದ್ರು, ಎಲ್ಲಾ ಖರೆ, ಆದ್ರ ನವನಗರದಾಗ ಮನ್ಯಾಗ ಸಾಕೋರ ಕಷ್ಟ ಬ್ಯಾರೆನ ಐತಿ. ಇವು ಮೂಗಿನಕಿಂತ ಕಣ್ಣಿನ ಮ್ಯಾಲೆ ಬ್ಯಾಟಿ ಆಡೋ ನಾಯಿ, ದೂರದಾಗ ಏನರ ಅಳ್ಳಾಡಿದ್ರ ಸಾಕು ಬೆನ್ನ ಹತ್ತಿಬಿಡ್ತಾವ. ಬೆಕ್ಕು, ಅಳಿಲು, ಸ್ಕೂಟಿ, ಗಾಳಿಗೆ ಹಾರೋ ಪ್ಲಾಸ್ಟಿಕ್ ಚೀಲ ಸುದ್ದಾ. ಇದರ ಮ್ಯಾಲೆ ಬೆಲ್ ಆದ್ರ ಒದರೂದು, ಬಂದವರ ಎದಿ ಮ್ಯಾಲೆ ಕಾಲಿಡೂದು.

ಓಣ್ಯಾಗಿನವ್ರ ಸಲಹಾ ಏನಂದ್ರ ಎರಡು ಬಿಗೀರಿ, ತಾನ ಸುಮ್ನಾಗ್ತೈತಿ. ಇನ್ನೊಂದು ಕಡೆ ಫೋನ್ ಮಾಡಿದ್ರ ನಾಯಿ ನಮ್ಮಲ್ಲೇ ಬಿಟ್ಟು ಹೋಗ್ರಿ, ಕಲಿಸಿ ವಾಪಸ್ ಕೊಡ್ತೀವಿ ಅಂದ್ರು, ಕಲಸೂದನ್ನ ನೋಡಾಕ ಬರಬಹುದೇನ್ರಿ ಅಂದ್ರ ಅದೆಲ್ಲಾ ಆಗಂಗಿಲ್ಲ ಅಂದ್ರು, ಅಲ್ಲಿಗೇ ಬಿಟ್ವಿ. ನೋಡಾಕ ಬಿಡದ ಜಾಗದಾಗ ನಾಯಿ ಬಿಡಬಾರದು ಅಂತ ನನ್ನ ಅಭಿಪ್ರಾಯ, ಯಾರೇ ಇರಲಿ.

ಈ ಸರ್ ಮೊದಲ ದಿನ ಬಂದು ನಾಯಿನ್ನ ಮುಟ್ಟಲೇ ಇಲ್ಲ. ಕುಂತ್ರು, ಚಾ ಕುಡದ್ರು, ಗುಂಡ್ಯಾ ಏನೇನ್ ಮಾಡ್ತಾನ ನೋಡಿದ್ರು. ಫೀ ಕೊಟ್ಟು ಕರದದ್ದು ಚಾ ಕುಡ್ಯಾಕೇನು ಅಂತ ನಮ್ಮವ್ವನ ಮಾರಿ ನೋಡಿದ್ರ ಗೊತ್ತಾಗತಿತ್ತು. ಕಡೀಕ ಅವ್ವನ ತಡೀಲಾರದ ಹೇಳಿದ್ಲು, "ಸರ, ಅದಕ್ಕ ಎಷ್ಟ್ ಬೈದ್ರೂ ತಿಳಿಯಂಗಿಲ್ಲ ನೋಡ್ರಿ."

"ಅವ್ವಾರ, ಅದು ಒದರಿದ ಮ್ಯಾಲೆ ಸಿಲಿಂಡರ್ ಹುಡುಗ ಹೋಗ್ತಾನೋ ಇಲ್ಲೋ?"

"ಹೋಗ್ತಾನ ಮತ್ತ, ಸಿಲಿಂಡರ್ ಇಟ್ಟು ಹೋಗ್ತಾನ."

"ಗುಂಡ್ಯಾನ ಲೆಕ್ಕದಾಗ ಅವನು ಹೆದರಿ ಓಡಿ ಹೋದ. ಒದರಿದ್ದಕ್ಕ ಪಗಾರ ಸಿಕ್ಕಂಗಾತಿಲ್ರೀ? ನಾಳೆ ಇನ್ನೂ ಜೋರ್ ಒದರ್ತಾನ."

ನಾನು ಇಡೀ ಸರ್ವಿಸ್‌ನಾಗ ರೊಕ್ಕ ಕೊಟ್ಟಿದ್ದು ಈ ಒಂದು ಪ್ರಶ್ನೆಕ್ಕ ಅಂತ ತಿಳಕೊಂಡೀನಿ. ಪ್ರತಿಯೊಂದಕ್ಕೂ ಅವರು ಕೇಳೂದು ಅದನ್ನ, ಇದಕ್ಕ ಪಗಾರ ಯಾರ್ ಕೊಡಾಕತ್ತಾರ. ಮೈಮ್ಯಾಲೆ ಹಾರ್ತೈತಿ, ನಾವು ಎರಡೂ ಕೈಲೆ ದಬ್ಬಿ ಏ ಏ ಅಂತ ಚೀರತೀವಿ, ಅದಕ್ಕ ಅದು ಆಟ. ಹಗ್ಗ ಜಗ್ಗತೈತಿ, ಜಗ್ಗಿದ ಕೂಡ್ಲೆ ನಾವೂ ಹಿಂದ ಹೋಗ್ತೀವಿ, ಕಂಬ ಲಗೂನ ಸಿಗ್ತೈತಿ. ಊಟದ ಮುಂದ ಕುಂತು ಕುಂಯ್ ಅಂತೈತಿ, ಅಜ್ಜ ದಿನಾ ಏನೂ ಕೊಡಂಗಿಲ್ಲ, ಯಾವಾಗರ ಒಮ್ಮೆ ಪೇಢೆದ ಚೂರು ಹಾಕ್ತಾರ. ದಿನಾ ಕೊಡೋಕಿಂತ ಈ ಯಾವಾಗರ ಒಮ್ಮೆ ಕೊಡೂದ ಭಾಳ ಗಟ್ಟಿ ಚಟ ಹಚ್ತೈತಿ ಅಂದ್ರು, ಅಮೆರಿಕದ ಸ್ಕಿನ್ನರ್ ಅನ್ನೋ ಮನಶ್ಶಾಸ್ತ್ರಜ್ಞ ಇಲಿ ಪಾರಿವಾಳ ಇಟಗೊಂಡು ಇದನ್ನ ಲ್ಯಾಬ್‌ನಾಗ ತೋರಿಸ್ಯಾನಂತ. ಅಜ್ಜಗ ಸ್ಕಿನ್ನರ್ ಗೊತ್ತಿಲ್ಲ, ಪೇಢೆ ಮಾತ್ರ ಬಂದ್ ಆತು, ಸಕ್ರಿ ಅದಕ್ಕೂ ಛಲೋ ಅಲ್ಲ ಅಜ್ಜಗೂ ಛಲೋ ಅಲ್ಲ.

ಬೆಲ್ ವಿಷಯ ಹೆಂಗ ಕಲಿಸಿದ್ರು ಅಂದ್ರ, ಒಂದು ಹಳೇ ಕೌದಿ ಹಾಸಿದ್ರು, ಅದರ ಮ್ಯಾಲೆ ಕಾಲಿಟ್ರ "ಸೈ" ಅನ್ನೂದು, ಕುದಿಸಿದ ಚಿಕನ್ ಚೂರು ಅಲ್ಲೇ ಹಾಕೂದು. ಕ್ಲಿಕ್ಕರ್ ಅಂತ ಪ್ಲಾಸ್ಟಿಕ್ ಡಬ್ಬಿ ಬರ್ತಾವ, ಟಿಕ್ ಅನ್ನೂದು, ಅದನ್ನೂ ತಂದಿದ್ರು, ಆದ್ರ ಅವ್ವನ ಕೈಯಾಗ ಅದು ಯಾವಾಗೋ ಟಿಕ್ ಅನ್ನತಿತ್ತು, ಅದಕ್ಕ ಬಾಯಿ ಮಾತ ಇರಲಿ ಅಂದ್ರು. ಟೈಮಿಂಗ್ ಭಾಳ ಮುಖ್ಯ, ಸರಿ ಕೆಲಸ ಮಾಡಿದ ಆ ಕ್ಷಣಕ್ಕ "ಸೈ" ಬರಬೇಕು, ಎದ್ದು ಹೊಂಟ ಮ್ಯಾಲೆ ಕೊಟ್ರ ಎದ್ದು ಹೋಗಿದ್ದಕ್ಕ ಕೊಟ್ಟಂಗ. ಕೌದಿಗೆ ರೂಢಿ ಆದ ಮ್ಯಾಲೆ ಮೊಬೈಲ್‌ನಾಗ ನಮ್ಮ ಬೆಲ್ಲಿನ ರೆಕಾರ್ಡಿಂಗ್, ಕೇಳಿಸಿಯೂ ಕೇಳಿಸದಷ್ಟು ಸಣ್ಣಗ, ಆಮ್ಯಾಲೆ ತುಸು ಜೋರು, ಆಮ್ಯಾಲೆ ಬಾಜು ಮನಿ ಹುಡುಗ ಖರೆ ಬೆಲ್ ಹೊಡದು ಓಡಿ ಹೋಗೂದು (ಅವಂಗ ಇದು ಭಾರಿ ಖುಷಿ), ಕಡೀಕ ಬಾಗಲಾ ತಗದು ಒಳಗ ಬರೂದು. ನಾಯಿ ಒದರಿದ್ರ ನಾವು ಒಂದ್ ಮೆಟ್ಲಾ ಕೆಳಗ ಇಳದು ಮತ್ತ ಶುರು ಮಾಡೂದು, ಬೈಯೋದಿಲ್ಲ. ಮಳಿಗಾಲ ಪೂರ್ತಿ ಇದ ನಡೀತು. ಈಗ ಬೆಲ್ ಆದ್ರ ಎರಡು ಸಲ ಬೌ ಅಂದು ಕೌದಿ ಮ್ಯಾಲೆ ಹೋಗಿ ನಮ್ಮ ಕೈ ನೋಡ್ತಾನ. ಪೂರ್ತಿ ನಿಂತಿಲ್ಲ, ನಿಲ್ಲೂದೂ ಬ್ಯಾಡ, ಕಳ್ಳ ಬಂದ್ರ ಯಾರು ಹೇಳೋರು?

ಲಂಚ ಕೊಟ್ಟಂಗ ಅಲ್ಲೇನ್ರಿ ಇದು ಅಂತ ನಾನ ಕೇಳಿದ್ದೆ. ಲಂಚ ಅಂದ್ರ ಮೊದಲ ತೋರಿಸಿ ಕರೆಯೂದು, ಇಲ್ಲಿ ಕೆಲಸ ಆದ ಮ್ಯಾಲೆ ಚೀಲಕ್ಕ ಕೈ ಹೋಗಬೇಕು ಅಂದ್ರು. ಕಲತ ಮ್ಯಾಲೆ ತಿನಸು ಕಡಿಮಿ ಮಾಡಿ, ಗೇಟ್ ತಗಿಯೂದು, ಮೂಸ್ಯಾಕ ಬಿಡೂದು, ಇವನ್ನೂ ಪಗಾರ ಮಾಡಬಹುದು. ತಿನಸಿನ ಚೂರು ಬಟಾಣಿಕಾಳಿನಷ್ಟು ಸಾಕು, ತತ್ತಿ, ಪನೀರ್, ಚಿಕನ್, ಉಪ್ಪು ಖಾರ ಇಲ್ದಂಗ, ಅಷ್ಟು ಊಟದಾಗ ಕಡಿಮಿ ಮಾಡಬೇಕು. ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ, ಮಣೂಕ, ಚಾಕ್ಲೇಟ್ ನಾಯಿಗೆ ವಿಷ, ಒಗ್ಗರಣಿ ಹಾಕಿದ ಸಾರಿನ ಅನ್ನ ಹಾಕೋರು ಇದನ್ನ ಎರಡು ಸಲ ಓದ್ರಿ.

ವಾಕಿಂಗಿಗೆ ಕುತ್ತಿಗಿ ಪಟ್ಟಾ ತಗಿಸಿ ಎದಿ ಸುತ್ತ ಕಟ್ಟೋ ಹಾರ್ನೆಸ್ ಹಾಕಿಸಿದ್ರು, ಮುಧೋಳ ನಾಯಿ ತಲಿ ಸಣ್ಣದು, ಹಿಂದ ಜಗ್ಗಿದ್ರ ಪಟ್ಟಾ ಸರಳ ಜಾರ್ತೈತಿ. ಬೀದಿ ನಾಯಿ ಕಂಡಾಗ ಹತ್ರ ಒಯ್ದು ದೋಸ್ತಿ ಮಾಡಸೂದಲ್ಲ, ಗುಂಡ್ಯಾ ನೋಡಿಯೂ ತಿನಸು ತಿನ್ನೋವಷ್ಟು ದೂರ ನಿಲ್ಲೂದು, ದಿನಾ ತುಸು ತುಸು ಅಂತರ ಕಡಿಮಿ. ಗುರ್ ಅಂದ್ರ ಬಡೀಬ್ಯಾಡ್ರಿ ಅಂದ್ರು, ಗುರ್ ಅನ್ನೂದು ಎಚ್ಚರಿಕೆ, ಅದನ್ನ ಬಡದು ಬಿಡಿಸಿದ್ರ ನಾಯಿ ಹೇಳ್ದ ಕೇಳ್ದ ಕಚ್ಚಾಕ ಕಲೀತೈತಿ. ಅಮೆರಿಕದಾಗ ಪ್ರಾಣಿ ವರ್ತನೆ ನೋಡೋ ಪಶುವೈದ್ಯರ ಸಂಘ 2021ರಾಗ ಯಾವ ನಾಯಿಗೇ ಆಗಲಿ ಬಹುಮಾನ ಕೊಟ್ಟು ಕಲಸೋ ಪದ್ಧತಿನ ಬಳಸ್ರಿ, ಶಾಕ್ ಕಾಲರ್ ಮುಳ್ಳಿನ ಪಟ್ಟಾ ಬ್ಯಾಡ ಅಂತ ಹೇಳೇತಿ, ಹಂಗಾಗಿ ಇದು ಮೆತ್ತನ ಮನಸಿನವ್ರ ಹುಚ್ಚಾಟ ಏನಲ್ಲ.

ಬಯಲಾಗ ಬಿಟ್ಟು ಕರದ್ರ ಬರೂದು ಮಾತ್ರ ಇನ್ನೂ ಆಗಿಲ್ಲ. ಉದ್ದನ ಹಗ್ಗ ಕಟ್ಟಿ ಪ್ರಾಕ್ಟೀಸ್ ಮಾಡಸ್ತಾರ, ಬೆಕ್ಕು ಕಂಡ್ರ ನಾವು ಅವಂಗ ಯಾರೋ. ಈ ತಳಿಗೆ ರಸ್ತಾ ಬಾಜು ಹಗ್ಗ ಬಿಡೂದ ಬ್ಯಾಡ ಅಂತ ಅವರ ಹೇಳ್ಯಾರ, ಆಗದ್ದನ್ನ ಆಗ್ತೈತಿ ಅನ್ನಲಿಲ್ಲ, ಅದು ನನಗ ಸೇರ್ತು.

ಈಗ ಕಟ್ ಆದ ಸ್ಟಾರ್. ಹೇಳಿದ ಟೈಮಿಗೆ ಬರಂಗಿಲ್ಲ, ಬರೂದು ತಡ ಅಂತ ಫೋನ್ ಮಾಡ್ತಾರ ಅಷ್ಟ. ಬರದು ಏನೂ ಕೊಡಂಗಿಲ್ಲ, ಎಲ್ಲಾ ಉದ್ದುದ್ದ ವಾಯ್ಸ್ ಮೆಸೇಜು, ಅದರಾಗ ಬೇಕಾದ್ದು ಹುಡುಕೋದ್ರಾಗ ಸಾಕಾಗ್ತೈತಿ. ಮನ್ಯಾಗಿನ ಎಲ್ಲಾರೂ ಕುಂಡ್ರಬೇಕು ಅಂತಾರ, ನೌಕರಿಗೆ ಹೋಗೋರಿಗೆ ತ್ರಾಸ್, ಆದ್ರ ಅಪ್ಪಾಜಿ "ಬೈಠ್", ಮಗ "ಸಿಟ್", ಅವ್ವ "ಕೂಡೋ ಮಾರಾಯಾ" ಅಂತಿದ್ದ ಮನ್ಯಾಗ ಅದು ಬೇಕಾಗಿತ್ತು ಬಿಡ್ರಿ.

ಮೊದಲ ಸಲ ನೋಡಾಕ ಬರೋದಕ್ಕ ಬ್ಯಾರೆ ಫೀ, ಆಮ್ಯಾಲೆ ಬಂದಷ್ಟು ಸಲ ಕೊಡೂದು, ಪೂರ್ತಿ ಪ್ಯಾಕೇಜ್ ಮುಂಗಡ ಕೇಳಂಗಿಲ್ಲ. ಧಾರವಾಡದವ್ರಿಗೆ ಪೆಟ್ರೋಲ್ ಬ್ಯಾರೆ. ಒಮ್ಮೆಲೆ ಸಿಟ್ಟಿಗೇಳಾಕತ್ತಿದ್ರ, ಮುಟ್ಟಿದ್ರ ಕಚ್ಚಾಕ ಬಂದ್ರ ಮೊದಲ ಡಾಕ್ಟರಿಗೆ ತೋರಿಸಿ ಬರ್ರಿ, ಎಲ್ಲೋ ನೋವಿರ್ತೈತಿ ಅಂತಾರ. ದೀಪಾವಳಿ ಪಟಾಕಿ ಹೆದರಿಕಿ ಇದ್ದ ನಾಯಿ ಇದ್ರ ಹಬ್ಬದ ವಾರ ಫೋನ್ ಮಾಡಬ್ಯಾಡ್ರಿ, ಆಗ ತಗೊಳಂಗಿಲ್ಲ, ಗಣೇಶ ಚೌತಿ ಹೊತ್ತಿಗೇ ಹೇಳಿ ಇಡ್ರಿ.