ಎರಡು ಫ್ಲಾಟ್, ಮೂರು ಅಳತೆ: ಕೇಳಿದ ಬೆಲೆ ಕೊಡಬಹುದೇ?

ದಾವಣಗೆರೆಯಲ್ಲಿ ಸೈಟಿನ ರೇಟು ಕೇಳಿದರೆ ಚಹಾ ಅಂಗಡಿಯವನೂ ಹೇಳುತ್ತಾನೆ. ಫ್ಲಾಟಿನ ರೇಟು ಕೇಳಿದರೆ ಬ್ರೋಕರೇ ತಡವರಿಸುತ್ತಾನೆ. ಕೈ ಬದಲಾಗುವ ಫ್ಲಾಟುಗಳು ಇಲ್ಲಿ ಕಡಿಮೆ, ಅದಕ್ಕೇ ‘ಪಕ್ಕದ್ದು ಇಷ್ಟಕ್ಕೆ ಹೋಯ್ತು’ ಅನ್ನೋ ಮಾತನ್ನು ನಂಬಿ ಕೂರುವಂತಿಲ್ಲ. ಎಂಸಿಸಿ ‘ಬಿ’ ಬ್ಲಾಕ್ ಕಡೆಯ ಎರಡು ಮರುಮಾರಾಟದ ಫ್ಲಾಟುಗಳನ್ನು ಮೂರು ಬಗೆಯಲ್ಲಿ ಅಳೆದು ನೋಡೋಣ. ಅಂಕಿಗಳು ಲೆಕ್ಕದ ದಾರಿ ತೋರಿಸಲಷ್ಟೇ. ನೀವು ನೋಡುವ ಮನೆಯ ಅಂಕಿ ಹಾಕಿಕೊಳ್ಳಿ.

ಒಂದನೆಯದು 9 ವರ್ಷ ಹಳೆಯದು, 1,150 ಚದರಡಿ, ಕೇಳುವುದು 48 ಲಕ್ಷ. ಎರಡನೆಯದು 3 ವರ್ಷದ್ದು, 1,050 ಚದರಡಿ, 45 ಲಕ್ಷ. ಎರಡೂ ಎರಡು ಬೆಡ್‌ರೂಮಿನವು. ಮಾರುವವರ ಲೆಕ್ಕದಲ್ಲಿ ಹಳೆಯದು ಚದರಡಿಗೆ 4,174, ಹೊಸದು 4,286. ಹಳೆಯದೇ ಅಗ್ಗ ಅನಿಸುತ್ತದೆ. ಆದರೆ ಈ 1,150ರಲ್ಲಿ ಮೆಟ್ಟಿಲು, ಲಿಫ್ಟ್, ಕಾರಿಡಾರು ಎಲ್ಲ ಹಂಚಿಕೊಂಡು ಸೇರಿವೆ. ಟೇಪು ಹಿಡಿದರೆ ಬೇರೆ ಕಥೆ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾ ಅಂದರೆ ಹೊರಗೋಡೆಯ ಒಳಗಿನ ಬಳಸುವ ಜಾಗ. ಒಳಗಿನ ಅಡ್ಡಗೋಡೆಗಳು ಸೇರುತ್ತವೆ; ಹೊರಗೋಡೆ, ಬಾಲ್ಕನಿ, ಪೈಪಿನ ಡಕ್ಟು ಸೇರುವುದಿಲ್ಲ. ಒಂದೊಂದು ಕೋಣೆಯನ್ನೂ ಗೋಡೆಯಿಂದ ಗೋಡೆಗೆ, ಸ್ಕರ್ಟಿಂಗ್ ಟೈಲ್ಸಿನ ಮೇಲ್ಭಾಗದಲ್ಲಿ ಅಳೆದು, ಅಡ್ಡಗೋಡೆಗಳ ಜಾಗವನ್ನೂ ಕೂಡಿಸಿ. ಕೆಳಗೆ ಅಳೆದರೆ ಟೈಲ್ಸಿನ ದಪ್ಪ ಕಳೆದುಹೋಗುತ್ತದೆ. ಹೀಗೆ ಅಳೆದಾಗ ಹಳೆಯದು 805, ಹೊಸದು 798. ಈಗ ದರ ಕ್ರಮವಾಗಿ 5,963 ಮತ್ತು 5,639. ಬರೀ 7 ಚದರಡಿ ಹೆಚ್ಚಿನ ಜಾಗಕ್ಕೆ 3 ಲಕ್ಷ ಕೇಳುತ್ತಿದ್ದಾರೆ ಎಂದಾಯಿತು. ‘ಹನ್ನೊಂದೂವರೆ ಚದರದ ಮನೆ’ ಎಂದು ಹೇಳಿದ್ದರಲ್ಲಿ ಒಳಗೆ ಸಿಗುವುದು ಎಂಟೇ ಚದರ.

ಬಾಡಿಗೆಯ ಅಳತೆ ಬೇಗ ಮುಗಿಯುತ್ತದೆ. ಮೆಡಿಕಲ್, ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಇರುವ ಊರು, ಬಾಡಿಗೆದಾರರಿಗೆ ಬರವಿಲ್ಲ. ಹಳೆಯದಕ್ಕೆ ತಿಂಗಳಿಗೆ 13,000, ಹೊಸದಕ್ಕೆ 14,000 ಎಂದಿಟ್ಟುಕೊಳ್ಳಿ. ಒಂದು ತಿಂಗಳು ಖಾಲಿ, ನಿರ್ವಹಣೆಗೆ ವರ್ಷಕ್ಕೆ 18,000, ಕಂದಾಯ–ರಿಪೇರಿಗೆ 10,000 ಕಳೆದರೆ ಉಳಿಯುವುದು 1.15 ಲಕ್ಷ ಮತ್ತು 1.26 ಲಕ್ಷ. ಅಂದರೆ ಶೇ 2.4 ಮತ್ತು ಶೇ 2.8. ಬ್ಯಾಂಕ್ ಠೇವಣಿಗೆ ಹೋಲಿಸಿದರೆ ಯಾವ ಫ್ಲಾಟೂ ಪಾಸಾಗುವುದಿಲ್ಲ. ಈ ಅಳತೆ ಒಂದರ ಪಕ್ಕ ಇನ್ನೊಂದನ್ನಿಟ್ಟು ನೋಡಲು ಮಾತ್ರ. ಪಕ್ಕದ ಮನೆ ಭೋಗ್ಯಕ್ಕಿದ್ದರೆ ಆ ಮೊತ್ತವನ್ನು ಬಾಡಿಗೆಯ ಜೊತೆ ನೇರವಾಗಿ ತೂಗಬೇಡಿ. 10 ಲಕ್ಷದ ಭೋಗ್ಯ ಶೇ 7ರ ಬಡ್ಡಿಯಲ್ಲಿ ತಿಂಗಳಿಗೆ 5,800ರಷ್ಟೇ ಆಗುತ್ತದೆ.

ಇಲ್ಲಿವರೆಗೆ ಹೊಸದೇ ಮುಂದಿತ್ತು. ಮೂರನೆಯ ಅಳತೆ ಆಟ ತಿರುಗಿಸುತ್ತದೆ.

ಕ್ರಯಪತ್ರದಲ್ಲಿ ‘ಅವಿಭಜಿತ ಪಾಲು’, ಅಂದರೆ ಕಟ್ಟಡ ನಿಂತ ನೆಲದಲ್ಲಿ ಆ ಫ್ಲಾಟಿನ ಪಾಲು, ಎಷ್ಟು ಚದರಡಿ ಎಂದು ಬರೆದಿರುತ್ತದೆ. ಹಳೆಯದಕ್ಕೆ 540, ಹೊಸದಕ್ಕೆ 400. ಆ ರಸ್ತೆಯ ಸೈಟು ಚದರಡಿಗೆ 4,500 ಅಂದರೆ ನೆಲದ್ದೇ 24.3 ಲಕ್ಷ, 18 ಲಕ್ಷ. ಕಟ್ಟಡಕ್ಕೆ ಚದರಡಿಗೆ 2,000 ಹಿಡಿದು, 60 ವರ್ಷದ ಬಾಳಿಕೆಯಲ್ಲಿ ಸವೆದ ಭಾಗ ಕಳೆಯಿರಿ: ಹಳೆಯದಕ್ಕೆ ಶೇ 15, ಹೊಸದಕ್ಕೆ ಶೇ 5. ಉಳಿಯುವುದು 19.55 ಮತ್ತು 19.95 ಲಕ್ಷ. ಒಟ್ಟು 43.85, 37.95. ಕೇಳಿದ ಬೆಲೆಗೂ ಇದಕ್ಕೂ ಇರುವ ಅಂತರ ಹಳೆಯದರಲ್ಲಿ 4.15 ಲಕ್ಷ, ಹೊಸದರಲ್ಲಿ 7.05 ಲಕ್ಷ.

ಸೈಟಿನಲ್ಲೇ ದುಡ್ಡು ಹಾಕಿ ರೂಢಿಯಾದ ಊರಲ್ಲಿ ಈ ಲೆಕ್ಕ ಬೇಗ ಮನಸ್ಸಿಗೆ ಹಿಡಿಸುತ್ತದೆ, ಅಲ್ಲೇ ಎಡವುವುದು. ಹತ್ತು ಜನರ ಪಾಲಿನ ನೆಲವನ್ನು ಒಬ್ಬರೇ ಮಾರಲು ಬರುವುದಿಲ್ಲ. ಎಲ್ಲರೂ ಒಪ್ಪಿ ಕೆಡವುವವರೆಗೆ ಅದು ಕಾಗದದ ಮೇಲಿನ ಆಸ್ತಿ. ಅದಕ್ಕೇ ನೆಲದ ಬೆಲೆಯಲ್ಲಿ ಶೇ 30 ಕಡಿತ ಮಾಡಿ ನೋಡುವುದು ಸರಿ. ಆಗ ಅಂತರ 11.44 ಮತ್ತು 12.45 ಲಕ್ಷ, ಹಳೆಯದರ ಮೇಲುಗೈ ಸುಮಾರು 1 ಲಕ್ಷಕ್ಕೆ ಇಳಿಯುತ್ತದೆ. ಕಾರ್ಪೆಟ್ ದರದಲ್ಲಿ ಹೊಸದು ಉಳಿಸುವುದು ಸುಮಾರು 2.6 ಲಕ್ಷ. ವಾಸಕ್ಕಾದರೆ ಹೊಸದೇ ಮೇಲು, ಅದೂ ಕೇಳಿದ 45ಕ್ಕಲ್ಲ. ಪಾಲಿನ ಲೆಕ್ಕ ಮುಂದಿಟ್ಟು 41ರಿಂದ ಚೌಕಾಸಿ ಶುರು ಮಾಡಿ.

ಪಾಲು ನೋಡುವಾಗ ಇನ್ನೊಂದು: ಕಟ್ಟಡದ ಎಲ್ಲ ಪಾಲುಗಳನ್ನು ಕೂಡಿದರೆ ಸೈಟಿನ ಪೂರ್ತಿ ಅಳತೆ ಬರಬೇಕು. 60×90ರ ಸೈಟಿನಲ್ಲಿ 540ರ ಹತ್ತು ಪಾಲು ಸರಿಯಾಗಿ 5,400. ಕಡಿಮೆ ಬಂದರೆ ಉಳಿದದ್ದನ್ನು ಬಿಲ್ಡರ್ ಇಟ್ಟುಕೊಂಡಿರಬಹುದು, ಮುಂದೆ ಟೆರೇಸಿನ ಮೇಲೆ ಇನ್ನೊಂದು ಮಹಡಿ ಏಳಬಹುದು. ಮಂಜೂರಾದ ನಕ್ಷೆಯಲ್ಲಿ ಇಲ್ಲದ ಮಹಡಿಯ ಫ್ಲಾಟಿಗೆ ಖಾತೆಯೂ ಕಷ್ಟ, ಸಾಲವೂ ಕಷ್ಟ.

ಬೆಲೆಯ ಮೇಲೆ ಖರ್ಚೂ ಸೇರಿಸಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿದೆ. ಮುದ್ರಾಂಕ, ಸೆಸ್, ಸರ್ಚಾರ್ಜ್ ಸೇರಿ ಒಟ್ಟು ಶೇ 7.6. ಸರ್ಕಾರದ ಮಾರ್ಗಸೂಚಿ ದರ, ಒಪ್ಪಿದ ಬೆಲೆ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. 45 ಲಕ್ಷಕ್ಕೆ 3.42 ಲಕ್ಷ ಹೋಗುತ್ತದೆ.

ಮನೆ ನೋಡಲು ಬೆಳಿಗ್ಗೆ ತಂಪು ಹೊತ್ತಿನಲ್ಲಿ ಕರೆಯುತ್ತಾರೆ. ನೀವು ಸಂಜೆ ಐದಕ್ಕೆ ಹೋಗಿ. ಮೇಲಿನ ಮಹಡಿಯಾದರೆ ಸ್ಟೂಲು ಹತ್ತಿ ಸೀಲಿಂಗಿಗೆ ಅಂಗೈ ಇಡಿ. ಹಗಲಿಡೀ ಕಾದ ಸ್ಲ್ಯಾಬು ಆ ಹೊತ್ತಿಗೇ ಒಳಗೆ ಶಾಖ ಬಿಡುವುದು. ಬಚ್ಚಲಿನ ಹಿಂಬದಿಯ ಗೋಡೆಯಲ್ಲಿ ಬಣ್ಣ ಉಬ್ಬಿ ಬಿಳಿ ಉಪ್ಪು ಬಿಟ್ಟಿದ್ದರೆ ಟೈಲ್ಸಿನ ಕೆಳಗೆ ನೀರು ಇಳಿಯುತ್ತಿದೆ. ಹೊಸ ಬಣ್ಣದ ವಾಸನೆ ಬರುತ್ತಿದ್ದರೆ ಅಲ್ಲೇ ಇನ್ನಷ್ಟು ಹುಡುಕಿ. ನಲ್ಲಿಯ ಬಾಯಲ್ಲಿ ಬಿಳಿ ಪದರ ಗಟ್ಟಿಯಾಗಿದ್ದರೆ ಬಳಸುತ್ತಿರುವುದು ಬೋರಿನ ಗಡಸು ನೀರು. ಪಾಲಿಕೆಯ ನೀರು ಎಷ್ಟು ದಿನಕ್ಕೊಮ್ಮೆ, ನೀರಿನ ಸಂಪಿನಲ್ಲಿ ಎಷ್ಟು ಲೀಟರ್ ಹಿಡಿಯುತ್ತದೆ, ಏಪ್ರಿಲ್‌ನಲ್ಲಿ ಟ್ಯಾಂಕರು ಎಷ್ಟು ಬಂತು ಎಂಬುದನ್ನು ಮಾಲೀಕರನ್ನಲ್ಲ, ವಾಚ್‌ಮನ್ ಹೆಂಡತಿಯನ್ನು ಕೇಳಿ.

ಫ್ಲಾಟ್ ಮಾಲೀಕರ ಸಂಘದ ಬಾಕಿ ಇಲ್ಲವೆಂಬ ಪತ್ರವನ್ನು ಅಡ್ವಾನ್ಸ್ ಕೊಡುವ ಮೊದಲೇ ಕೈಗೆ ತಗೊಳ್ಳಿ. ನೋಂದಣಿಯ ದಿನ ಕೇಳಿದರೆ ‘ನಾಳೆ ಕೊಡ್ತೀವಿ ಸಾರ್’ ಅಂತಾರೆ, ಲಿಫ್ಟಿನ ಹಳೇ ಬಾಕಿ ನಿಮ್ಮ ಹೆಸರಿಗೆ ಬಂದಿರುತ್ತದೆ.