ಪ್ರಾಗೋ ವಿಯೆನ್ನಾವೋ: ಗೆಳೆಯರ ಗುಂಪಿಗೆ ಯಾವ ಊರು?

ಗುಂಪು ಕಟ್ಟಿಕೊಂಡು ಹೋಗುವುದಾದರೆ ವಿಯೆನ್ನಾ, ಒಬ್ಬರೋ ಇಬ್ಬರೋ ಹೋಗುವುದಾದರೆ ಪ್ರಾಗ್. ಪೂರ್ತಿ ಓದುವ ತಾಳ್ಮೆ ಇಲ್ಲದವರು ಇಷ್ಟು ತಿಳಿದುಕೊಂಡು ಟಿಕೆಟ್ ತೆಗೆಯಬಹುದು. ಉಳಿದವರಿಗೆ ಕಾರಣ ಹೇಳುತ್ತೇನೆ. ಜರ್ಮನಿಗೆ ಓದಲು ಹೊರಡುವ ಬೆಂಗಳೂರಿನ ಹುಡುಗ ಹುಡುಗಿಯರು ಇದಕ್ಕೆ ತಿರುಗುಮುರುಗಾದ ಮಾತನ್ನೇ ಕೇಳಿಸಿಕೊಂಡು ವಿಮಾನ ಹತ್ತುತ್ತಾರೆ: ಪ್ರಾಗ್ ಅಗ್ಗ, ವಿಯೆನ್ನಾ ದುಬಾರಿ, ಹಾಗಾಗಿ ಗೆಳೆಯರ ಜೊತೆ ಪ್ರಾಗ್‌ಗೆ ಹೋಗಬೇಕು, ವಿಯೆನ್ನಾವನ್ನು ಅಪ್ಪ ಅಮ್ಮ ಬಂದಾಗ ತೋರಿಸಿದರಾಯಿತು. ನಮಗೂ ಹಿರಿಯ ವಿದ್ಯಾರ್ಥಿಗಳು ಇದನ್ನೇ ಹೇಳಿ ಕಳಿಸಿದ್ದರು.

ನಾನು ಓದಿದ್ದು ರೇಗೆನ್ಸ್‌ಬುರ್ಗ್‌ನಲ್ಲಿ. ಈ ಎರಡು ಊರುಗಳನ್ನು ತೂಗಿ ನೋಡಲು ಅದಕ್ಕಿಂತ ಅನುಕೂಲದ ಜಾಗ ಸಿಗಲಾರದು. ಪೂರ್ವ ಬವೇರಿಯದಲ್ಲಿ, ಡಾನ್ಯೂಬ್ ನದಿಯ ದಂಡೆಯ ಮೇಲಿರುವ ಆ ಊರಿನಿಂದ ಜೆಕ್ ರಾಜಧಾನಿ ಪ್ರಾಗ್‌ಗೂ ಆಸ್ಟ್ರಿಯದ ರಾಜಧಾನಿ ವಿಯೆನ್ನಾಕ್ಕೂ ನೇರ ರೈಲುಗಳಿವೆ. ನಕಾಶೆಯಲ್ಲಿ ಪ್ರಾಗ್ ಹತ್ತಿರ, ವಿಯೆನ್ನಾ ದೂರ. ಗಡಿಯಾರದಲ್ಲಿ ಮಾತ್ರ ವಿಯೆನ್ನಾ ನಾಲ್ಕು ಗಂಟೆಯ ಆಸುಪಾಸು, ಪ್ರಾಗ್ ಅದಕ್ಕಿಂತ ತುಸು ಹೆಚ್ಚು. ಪಾಸಾವ್, ಲಿಂಟ್ಸ್ ಮಾರ್ಗವಾಗಿ ವಿಯೆನ್ನಾಕ್ಕೆ ಹೋಗುವುದು ವೇಗದ ರೈಲು. ಪ್ರಾಗ್‌ನದು ಫುರ್ತ್ ಇಮ್ ವಾಲ್ಡ್ ಎಂಬ ಗಡಿ ನಿಲ್ದಾಣ ದಾಟಿದ ಮೇಲೆ ಬೊಹೀಮಿಯದ ಕಾಡುಗುಡ್ಡಗಳನ್ನು ಬಳಸಿಕೊಂಡು ಆರಾಮವಾಗಿ ಸಾಗುತ್ತದೆ. ಕಿಟಕಿಯ ನೋಟಕ್ಕೆ ನನ್ನ ಮತ ಪ್ರಾಗ್ ರೈಲಿಗೆ.

ಹೊರಡುವ ಮುನ್ನ ಕಾಗದಪತ್ರದ ಮಾತು. ಜರ್ಮನಿಯ ನಿವಾಸ ಪರವಾನಗಿ ಇದ್ದರೆ ಷೆಂಗೆನ್ ಒಪ್ಪಂದದಡಿ ತಮ್ಮ ನಡುವಿನ ಗಡಿ ತಪಾಸಣೆ ಕೈಬಿಟ್ಟ ಉಳಿದ ದೇಶಗಳಲ್ಲಿ 180 ದಿನಗಳ ಅವಧಿಯಲ್ಲಿ 90 ದಿನಗಳವರೆಗೆ ಬೇರೆ ವೀಸಾ ಇಲ್ಲದೆ ಓಡಾಡಬಹುದು. ಆದರೆ ಪಾಸ್‌ಪೋರ್ಟ್ ಜೊತೆಗಿರಲೇಬೇಕು. ಗಡಿಯೇ ಇಲ್ಲವಲ್ಲ ಎಂದು ಅದನ್ನು ಕೋಣೆಯಲ್ಲಿ ಬಿಟ್ಟು ಬರುವವರಿದ್ದಾರೆ. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಶುರು ಮಾಡಿತು. ಹಿಂದಿರುಗುವಾಗ ಪಾಸಾವ್‌ನಲ್ಲಿ ಪೊಲೀಸರು ಬೋಗಿಗೆ ಹತ್ತಿದರೆಂದರೆ ನಮ್ಮ ಬಣ್ಣದವರ ಹತ್ತಿರ ಅವರು ನಿಲ್ಲದೆ ಹೋಗುವುದಿಲ್ಲ. ಅದು ಬೇಸರದ ಸಂಗತಿಯೇ; ಪಾಸ್‌ಪೋರ್ಟ್ ಕೈಯಲ್ಲಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ.

ನಮ್ಮದು ಆರು ಮಂದಿಯ ಗುಂಪು. ಎಲ್ಲರೂ ಕನ್ನಡದವರು, ಅರ್ಧದಷ್ಟು ಬೆಂಗಳೂರಿನವರು. ಮೊಟ್ಟೆಯನ್ನೂ ಮುಟ್ಟದ ಬಸವನಗುಡಿಯ ಗೆಳತಿ, ಏನು ಕೊಟ್ಟರೂ ತಿನ್ನುವ ಮಂಗಳೂರಿನವಳು, ಖರ್ಚಿನ ಲೆಕ್ಕವನ್ನು ಪೈಸೆ ಬಿಡದೆ ಬರೆಯುವ ವಿಜಯನಗರದ ಗೆಳೆಯ, ಬೆಳಿಗ್ಗೆ ಹತ್ತಕ್ಕೆ ಮುಂಚೆ ಏಳದ ಇಬ್ಬರು. ಇವರ ಸ್ವಭಾವವನ್ನು ಹೇಳುವುದಕ್ಕೆ ಕಾರಣವಿದೆ. ಊರು ಎಷ್ಟೇ ಚೆಂದವಿರಲಿ, ಗುಂಪಿನ ಪ್ರವಾಸ ಕೆಡುವುದು ಇಂಥ ಸಂಗತಿಗಳಿಂದಲೇ: ಯಾರು ಏನು ತಿನ್ನುತ್ತಾರೆ, ಯಾರು ಎಷ್ಟಕ್ಕೆ ಏಳುತ್ತಾರೆ, ಯಾರಿಗೆ ಕಾಲು ನೋಯುತ್ತದೆ.

ಮೊದಲು ಪ್ರಾಗ್. ಕಣ್ಣಿಗೆ ಬಿದ್ದ ಕೂಡಲೇ ಮನಸ್ಸನ್ನು ಗೆಲ್ಲುವುದರಲ್ಲಿ ವಿಯೆನ್ನಾ ಅದರ ಹತ್ತಿರಕ್ಕೂ ಸುಳಿಯಲಾರದು. ಅರಮನೆಯ ಗುಡ್ಡ, ಕೆಳಗೆ ವ್ಲ್ತಾವಾ ನದಿ, ಅದರ ಮೇಲೆ ನಾಲ್ಕನೆಯ ಚಾರ್ಲ್ಸ್ 1357ರಲ್ಲಿ ಕಟ್ಟಿಸಲು ತೊಡಗಿದ ಕಲ್ಲಿನ ಸೇತುವೆ, ಅದರ ಎರಡೂ ಬದಿಯಲ್ಲಿ ಸಾಲುಗಟ್ಟಿದ ಸಂತರ ಮೂರ್ತಿಗಳು. ತೊಡಕಿರುವುದೂ ಅಲ್ಲಿಯೇ. ಹಳೆಯ ಪಟ್ಟಣದ ಚೌಕ, ಸೇತುವೆ, ಅರಮನೆ ಈ ಮೂರೂ ಒಂದೇ ದಾರಿಯಲ್ಲಿವೆ, ಊರಿಗೆ ಬಂದವರೆಲ್ಲರೂ ಆ ಒಂದೇ ದಾರಿಯಲ್ಲಿರುತ್ತಾರೆ. ಶನಿವಾರ ಮಧ್ಯಾಹ್ನ ಆ ಸೇತುವೆಯನ್ನು ಆರು ಮಂದಿ ಒಟ್ಟಿಗೆ ದಾಟುವುದು ಆಗದ ಮಾತು. ಒಬ್ಬರು ಚಿತ್ರ ಬಿಡಿಸುವವನ ಮುಂದೆ ನಿಂತರೆ ಇನ್ನೊಬ್ಬರು ಜನರ ಒತ್ತಡಕ್ಕೆ ಮುಂದೆ ಸರಿದಿರುತ್ತಾರೆ; ಆಮೇಲೆ ಅರ್ಧ ಗಂಟೆ ‘ನೀನು ಯಾವ ಮೂರ್ತಿಯ ಹತ್ತಿರ ಇದ್ದೀಯ’ ಎಂಬ ಕರೆಗಳು. ಎಲ್ಲ ಮೂರ್ತಿಗಳೂ ಕಪ್ಪು, ಎಲ್ಲರಿಗೂ ಗಡ್ಡ.

ಚೌಕದ ಖಗೋಳ ಗಡಿಯಾರದ ಕತೆಯೂ ಅಷ್ಟೇ. 1410ರ ಯಂತ್ರ ಇಂದಿಗೂ ನಡೆಯುತ್ತಿದೆ ಎಂಬುದು ನಿಜಕ್ಕೂ ಬೆರಗಿನ ಸಂಗತಿ. ಗಂಟೆಗೊಮ್ಮೆ ಅಸ್ಥಿಪಂಜರವೊಂದು ಗಂಟೆ ಬಾರಿಸುತ್ತದೆ, ಕಿಟಕಿಯಲ್ಲಿ ಕ್ರಿಸ್ತನ ಶಿಷ್ಯರು ಹಾದುಹೋಗುತ್ತಾರೆ, ಕೊನೆಗೆ ಕೋಳಿ ಕೂಗುತ್ತದೆ. ಒಂದು ನಿಮಿಷ ಆಗುವಷ್ಟರಲ್ಲಿ ಮುಗಿಯುವ ಇದಕ್ಕಾಗಿ ಜನ ಕಾಲು ಗಂಟೆ ಮೊದಲೇ ಮೊಬೈಲ್ ಎತ್ತಿ ಹಿಡಿದಿರುತ್ತಾರೆ. ಗಡಿಯಾರಕ್ಕಿಂತ ಮೊಬೈಲ್ ಪರದೆಗಳನ್ನೇ ನಾವು ಹೆಚ್ಚು ನೋಡಿದ್ದು.

ಅದೇ ಪ್ರವಾಸದ ಮರುದಿನ ಸೂರ್ಯ ಹುಟ್ಟುವ ಮುನ್ನ ನಾನೂ ಬಸವನಗುಡಿಯ ಗೆಳತಿಯೂ ಇಬ್ಬರೇ ಎದ್ದು ಸೇತುವೆಗೆ ಹೋದೆವು. ಕಸ ಗುಡಿಸುವವರು, ಮದುವೆಯ ಉಡುಪಿನಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಒಂದು ಜೋಡಿ, ಬಿಟ್ಟರೆ ನಾವು. ಕಲ್ಲಿನ ಮೇಲೆ ನಮ್ಮ ಹೆಜ್ಜೆಯ ಸದ್ದು ನಮಗೇ ಕೇಳುತ್ತಿತ್ತು. ಅಲ್ಲಿಂದ ಮಾಲಾ ಸ್ತ್ರಾನಾ ಬೀದಿಗಳನ್ನು ಏರಿ, ಟ್ರಾಮ್ ಹಿಡಿದು ಲೆತ್ನಾ ಉದ್ಯಾನಕ್ಕೆ ಬಂದು, ನದಿಯ ಮೇಲಿನ ಸೇತುವೆಗಳನ್ನೆಲ್ಲ ಒಂದೇ ನೋಟದಲ್ಲಿ ನೋಡಿದೆವು. ಉಳಿದ ನಾಲ್ವರು ಏಳುವಷ್ಟರಲ್ಲಿ ನಮ್ಮ ಪ್ರಾಗ್ ಮುಗಿದಿತ್ತು, ಅವರ ಪ್ರಾಗ್ ಮತ್ತೆ ಜನಜಂಗುಳಿಯಲ್ಲಿ ಶುರುವಾಯಿತು. ಆ ಊರಿನ ಒಳ್ಳೆಯ ಹೊತ್ತು ಬೆಳಗಿನ ಜಾವ. ಆರು ಮಂದಿಯನ್ನು ಆ ಹೊತ್ತಿಗೆ ಎಬ್ಬಿಸಿ ಹೊರಡಿಸಬಲ್ಲವರು ಇದ್ದರೆ ನನ್ನ ತೀರ್ಮಾನವನ್ನು ಪಕ್ಕಕ್ಕಿಡಬಹುದು.

ಇನ್ನು ದುಡ್ಡು. ಹಾಸಿಗೆಯ ಬಾಡಿಗೆ ಪ್ರಾಗ್‌ನಲ್ಲಿ ಖಂಡಿತ ಕಡಿಮೆ, ಊಟವೂ ಕಡಿಮೆ. ಆದರೂ ವಿಜಯನಗರದ ಗೆಳೆಯ ಎರಡೂ ಊರುಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ನಾವು ಅಂದುಕೊಂಡಷ್ಟು ಇರಲಿಲ್ಲ. ಪ್ರಾಗ್‌ನ ಅಗ್ಗದ ಹೆಸರು ಬಹುಮಟ್ಟಿಗೆ ಬಿಯರ್ ಕುಡಿಯುವವರು ತಂದುಕೊಟ್ಟದ್ದು. ನಮ್ಮಲ್ಲಿ ಅರ್ಧ ಮಂದಿ ಕುಡಿಯುವವರಲ್ಲ. ಅವರು ತರಿಸಿದ ಬಾಟಲಿ ನೀರು ಪಕ್ಕದವರ ಬಿಯರ್‌ಗಿಂತ ದುಬಾರಿಯಾಯಿತು. ಮೇಲಾಗಿ ಅಲ್ಲಿ ಯೂರೋ ಇಲ್ಲ, ಕೊರುನಾ. ನಮ್ಮ ಗೆಳೆಯನೊಬ್ಬ ಹಳೆಯ ಪಟ್ಟಣದ ಒಂದು ಕಿಟಕಿಯಲ್ಲಿ, ‘ಕಮಿಷನ್ ಇಲ್ಲ’ ಎಂಬ ಫಲಕದ ಕೆಳಗೆ, ನೂರು ಯೂರೋ ಬದಲಿಸಿದ. ಕಮಿಷನ್ ಇರಲಿಲ್ಲ ನಿಜ. ವಿನಿಮಯ ದರವೇ ನುಂಗಿ ಹಾಕುವಂತಿತ್ತು. ವಸತಿಗೃಹದ ಮೇಜಿನ ಹಿಂದಿದ್ದ ಹುಡುಗಿ ರಸೀದಿ ನೋಡಿ, ಕೂಡಲೇ ವಾಪಸು ಹೋಗಿ ಎಂದಳು. 2019ರಿಂದ ಜೆಕ್ ಕಾನೂನಿನ ಪ್ರಕಾರ ಸಾವಿರ ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು. ಅವನು ಓಡಿದ, ಮುಖ ಗಂಟಿಕ್ಕಿಕೊಂಡೇ ಅವರು ನೋಟು ಹಿಂದಿರುಗಿಸಿದರು. ಆ ರಸೀದಿಯನ್ನು ಬಿಸಾಡಿದ್ದರೆ ಕೆಲಸ ಕೆಟ್ಟಿತ್ತು. ಕಾರ್ಡ್ ಎಲ್ಲೆಡೆ ನಡೆಯುತ್ತದೆ. ಯಂತ್ರ ‘ಯೂರೋದಲ್ಲಿ ಪಾವತಿಸುವಿರಾ’ ಎಂದು ಕೇಳಿದಾಗ ಬೇಡವೆಂದು ಕೊರುನಾವನ್ನೇ ಒತ್ತಬೇಕು.

ವಿಯೆನ್ನಾದಲ್ಲಿ ನೀರಿನ ಚಿಂತೆಯೇ ಇಲ್ಲ. ಆಲ್ಪ್ಸ್ ಬೆಟ್ಟಗಳ ಬುಗ್ಗೆಯ ನೀರನ್ನು 1873ರಿಂದ ಕೊಳವೆಯಲ್ಲಿ ತರಿಸಿಕೊಳ್ಳುತ್ತಿರುವ ಊರು ಅದು. ಬೀದಿಗಳಲ್ಲಿ ಸಾವಿರಕ್ಕೂ ಹೆಚ್ಚು ಕುಡಿಯುವ ನೀರಿನ ನಲ್ಲಿಗಳಿವೆ. ಕಾವೇರಿ ನೀರು ಎಂದು ಬರುತ್ತದೋ ಎಂದು ಎದುರು ನೋಡುವ ಬಡಾವಣೆಯಿಂದ ಹೋದವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಒಂದು ಬಾಟಲಿ ಕೈಯಲ್ಲಿದ್ದರೆ ದಿನವಿಡೀ ನೀರಿಗೆ ದುಡ್ಡು ಕೊಡಬೇಕಾಗಿಲ್ಲ.

ಆದರೆ ಗುಂಪಿಗೆ ಆ ಊರು ಒಗ್ಗುವುದಕ್ಕೆ ನಿಜವಾದ ಕಾರಣ ಬೇರೆ. ಅಲ್ಲಿ ಚದುರಿಹೋಗಿ ಮತ್ತೆ ಸೇರಬಹುದು. ಷೋನ್‌ಬ್ರುನ್ ಅರಮನೆಯನ್ನೇ ತೆಗೆದುಕೊಳ್ಳಿ. ಒಳಗಿನ ಕೋಣೆಗಳಿಗೆ ಟಿಕೆಟ್ ಇದೆ, ವಿಶಾಲವಾದ ತೋಟಕ್ಕೆ ಇಲ್ಲ. ರಾಜಮನೆತನದ ಮಂಚ, ಕನ್ನಡಿಗಳನ್ನು ನೋಡಬೇಕೆಂದವರು ಒಳಗೆ ಹೋದರು; ದುಡ್ಡು ಉಳಿಸಬೇಕೆಂದವರು ದಿಣ್ಣೆ ಹತ್ತಿ ಗ್ಲೋರಿಯೆಟ್ ಮಂಟಪದ ಕೆಳಗೆ ಹುಲ್ಲಿನ ಮೇಲೆ ಮಲಗಿದರು; ಹತ್ತಕ್ಕೆ ಎದ್ದವರು ನೇರವಾಗಿ ಅಲ್ಲಿಗೇ ಬಂದು ಸೇರಿಕೊಂಡರು. ಯಾರೂ ಯಾರಿಗೂ ಕಾಯಲಿಲ್ಲ, ಯಾರೂ ಮುನಿಸಿಕೊಳ್ಳಲಿಲ್ಲ. ಮಧ್ಯಾಹ್ನ ಇಬ್ಬರು ಬ್ರೂಗೆಲ್‌ನ ಚಿತ್ರಗಳಿಗೆಂದು ಕಲಾ ಇತಿಹಾಸದ ವಸ್ತುಸಂಗ್ರಹಾಲಯಕ್ಕೆ ಹೋದರು. ಮಂಗಳೂರಿನವಳು ನಾಷ್‌ಮಾರ್ಕ್ಟ್ ಎಂಬ ಮಾರುಕಟ್ಟೆಯ ಪಕ್ಕದಲ್ಲಿ ಶನಿವಾರ ನಡೆಯುವ ಹಳೆಯ ಸಾಮಾನುಗಳ ಸಂತೆಯಲ್ಲಿ ಚೌಕಾಸಿಗೆ ಇಳಿದಳು. ಶುಕ್ರವಾರ, ಶನಿವಾರದ ರಾತ್ರಿಗಳಲ್ಲಿ ಮೆಟ್ರೋ ಬೆಳಗಿನವರೆಗೂ ಓಡುವುದರಿಂದ ಕೊನೆಯ ರೈಲಿನ ಆತಂಕವೂ ಇರಲಿಲ್ಲ. ಪ್ರಾಗ್‌ನಲ್ಲಿ ಮೆಟ್ರೋ ನಿಂತ ಮೇಲೆ ರಾತ್ರಿಯ ಟ್ರಾಮ್‌ಗಳಿವೆ. ಅವುಗಳನ್ನು ಬಲ್ಲವರಿಗೆ ಅದೂ ತೊಂದರೆಯಲ್ಲ. ಎರಡೂ ಊರಿನ ಮೆಟ್ರೋಗಳಲ್ಲಿ ಗೇಟುಗಳಿಲ್ಲ. ಕಾಗದದ ಟಿಕೆಟ್ಟಿಗೆ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳುವುದು ಪ್ರಯಾಣಿಕರದೇ ಜವಾಬ್ದಾರಿ. ನಮ್ಮ ಮೆಟ್ರೋದಲ್ಲಿ ಗೇಟು ತೆರೆದರಷ್ಟೇ ಒಳಗೆ ಹೋಗಿ ರೂಢಿಯಾದವರು ಇದನ್ನು ಮರೆತು ದಂಡ ಕಟ್ಟುತ್ತಾರೆ.

ಸಂಜೆಗೆ ಅಲ್ಲಿ ಇನ್ನೊಂದು ಲಾಭವಿದೆ. ಸರ್ಕಾರಿ ಒಪೆರಾ ಭವನದಲ್ಲಿ ನಿಂತು ನೋಡುವವರಿಗೆ ನಾನೂರಕ್ಕೂ ಹೆಚ್ಚು ಜಾಗಗಳಿವೆ, ಬೆಲೆ ಇಪ್ಪತ್ತು ಯೂರೋ ಒಳಗೆ. ಮುಂದಿನ ಕಂಬಿಗೆ ಕತ್ತಿನ ಶಾಲು ಕಟ್ಟಿದರೆ ಜಾಗ ನಿಮ್ಮದು. ಅದನ್ನು ಯಾರೂ ಬಿಚ್ಚುವುದಿಲ್ಲ. ಬಸವನಗುಡಿಯ ಗೆಳತಿ ಕಟ್ಟಿದ್ದು ಇಳಕಲ್ ಸೀರೆಯ ತುಂಡಿನಿಂದ ಹೊಲಿಸಿದ ದುಪಟ್ಟಾ. ಎರಡನೆಯ ಅಂಕಕ್ಕೆ ಇಬ್ಬರ ಕಾಲು ಸೋತು ಹೊರಟರು, ಉಳಿದವರು ಕೊನೆಯವರೆಗೂ ನಿಂತೆವು. ಸೀಟಿಗೆ ದೊಡ್ಡ ಮೊತ್ತ ಕೊಟ್ಟಿದ್ದರೆ ಹಾಗೆ ಎದ್ದು ಹೋಗಲು ಮನಸ್ಸಾಗುತ್ತಿರಲಿಲ್ಲ. ಈ ಭವನ 1869ರಲ್ಲಿ ಬಾಗಿಲು ತೆರೆದದ್ದು ಮೊಜಾರ್ಟ್‌ನ ‘ಡಾನ್ ಜೊವಾನಿ’ಯಿಂದ, ಆ ಒಪೆರಾದ ಮೊದಲ ಪ್ರದರ್ಶನ 1787ರಲ್ಲಿ ನಡೆದದ್ದು ಮಾತ್ರ ಪ್ರಾಗ್‌ನಲ್ಲಿ. ಸಂಗೀತದಲ್ಲಿ ಪ್ರಾಗ್ ಹಿಂದೆ ಎಂದು ಯಾರೂ ತಿಳಿಯದಿರಲೆಂದು ಇದನ್ನು ಹೇಳಿದೆ. ಸಂತ ಸ್ಟೀಫನ್ ಚರ್ಚಿನ ಸುತ್ತ ಮೊಜಾರ್ಟ್‌ನ ಬಿಳಿ ಟೋಪನ್, ಕೆಂಪು ಕೋಟು ತೊಟ್ಟು ಸಂಗೀತ ಕಚೇರಿಗಳ ಟಿಕೆಟ್ ಮಾರುವವರಿಂದ ಮಾತ್ರ ದೂರವಿರಿ.

ಊಟದ ವಿಷಯದಲ್ಲಿ ಎರಡಕ್ಕೂ ಸಾಧಾರಣ ಅಂಕ. ಪ್ರಾಗ್‌ನ ಕರಿದ ಚೀಸ್ ಮೊದಲ ಸಲ ರುಚಿ, ಎರಡನೆಯ ಸಲ ಭಾರ, ಮೂರನೆಯ ಸಲ ಸಾಕಪ್ಪಾ. ಮೊಟ್ಟೆ ತಿನ್ನದವರಿಗೆ ಅದೂ ಇಲ್ಲ. ಆದರೆ ತಟ್ಟೆಯ ತೂಕಕ್ಕೆ ಬೆಲೆ ಹಾಕುವ ಉತ್ತರ ಭಾರತದ ಸಸ್ಯಾಹಾರಿ ಊಟದ ಮನೆ ನಮ್ಮನ್ನು ಉಳಿಸಿತು. ವಿಯೆನ್ನಾದಲ್ಲಿ ಸೇಬಿನ ಸ್ಟ್ರೂಡೆಲ್, ಫಲಾಫೆಲ್‌ಗಳಿಂದ ಹೊಟ್ಟೆ ತುಂಬಿಸಿಕೊಳ್ಳಬಹುದು. ಎರಡೂ ಕಡೆ ಕೈಬಿಡದೆ ಇದ್ದದ್ದು ಗಾಂಧಿ ಬಜಾರಿನಿಂದ ಬಂದಿದ್ದ ಗೊಜ್ಜವಲಕ್ಕಿ ಪುಡಿ. ವಸತಿಗೃಹದ ಅಡುಗೆಮನೆಯಲ್ಲಿ ಅವಲಕ್ಕಿ ನೆನೆಸಿ, ಮೇಲೆ ಕೊಬ್ಬರಿ ಉದುರಿಸಿದರೆ ರಾತ್ರಿಯ ಊಟದ ಚರ್ಚೆ ಮುಗಿಯುತ್ತದೆ. ಕೊರಿಯಾದ ಒಬ್ಬ ವಿದ್ಯಾರ್ಥಿ ತಟ್ಟೆ ಹಿಡಿದು ಎರಡನೆಯ ಸಲವೂ ಬಂದ.

ಕಾಫಿಯದು ಬೇರೆಯೇ ಕತೆ. ದರ್ಶಿನಿಯಲ್ಲಿ ನಿಂತು ಎರಡು ಗುಟುಕಿಗೆ ಲೋಟ ಖಾಲಿ ಮಾಡಿ ಹೊರಡುವ ನಮಗೆ ವಿಯೆನ್ನಾದ ಕಾಫಿಮನೆಗಳು ಮೊದಲು ಕಿರಿಕಿರಿ ಎನಿಸುತ್ತವೆ. ಪರಿಚಾರಕ ಬರುವುದೇ ತಡ, ಬಂದರೂ ನಗುವುದಿಲ್ಲ, ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆಮೇಲೆ ಒಂದು ಸಂಗತಿ ಗಮನಕ್ಕೆ ಬರುತ್ತದೆ: ಲೋಹದ ತಟ್ಟೆಯಲ್ಲಿ ನೀರಿನ ಲೋಟದೊಂದಿಗೆ ಬರುವ ಆ ಒಂದು ಮೆಲಾಂಜ್, ಅಂದರೆ ನೊರೆಹಾಲಿನ ಕಾಫಿ, ಮುಂದಿಟ್ಟುಕೊಂಡು ಎರಡು ಗಂಟೆ ಕುಳಿತರೂ ಎದ್ದು ಹೋಗಿ ಎನ್ನುವವರಿಲ್ಲ. ಹೊರಗೆ ಮಳೆ ಹಿಡಿದಾಗ ಆರು ಮಂದಿಗೆ ಇಡೀ ಸಂಜೆಯ ಬಾಡಿಗೆ ಅದು ಎಂದು ಲೆಕ್ಕ ಹಾಕಿದರೆ ದುಬಾರಿಯಲ್ಲ. ರುಚಿಯಲ್ಲಿ ನಮ್ಮ ಫಿಲ್ಟರ್ ಕಾಫಿಗೆ ಸಾಟಿಯಲ್ಲ ಎಂಬುದನ್ನೂ ದಾಖಲಿಸುತ್ತೇನೆ.

ವಿಯೆನ್ನಾದ ದೋಷಗಳು ಸಣ್ಣವಲ್ಲ. ಮೊದಲ ನೋಟಕ್ಕೆ ಅದು ಬರೀ ದೊಡ್ಡ ಕಟ್ಟಡಗಳ ಊರು. ಎದೆ ಝಲ್ಲೆನಿಸುವ ಒಂದು ತಿರುವೂ ಸಿಗಲಿಲ್ಲವೆಂದು ನಮ್ಮಲ್ಲೇ ಇಬ್ಬರು ಗೊಣಗಿದರು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ತೆರೆದಿರುವುದು ಪ್ರಮುಖ ರೈಲು ನಿಲ್ದಾಣಗಳೊಳಗಿನ ಕೆಲವು ಮಳಿಗೆಗಳು, ಅಲ್ಲಿ ಹಾಲು ಬ್ರೆಡ್ಡಿಗೆ ಬಾಗಿಲಾಚೆಗೂ ಸಾಲು. ಶನಿವಾರ ಸಂಜೆಯೇ ಖರೀದಿ ಮುಗಿಸಬೇಕು. ಪ್ರಾಗ್‌ನಲ್ಲಿ ಈ ತಾಪತ್ರಯವಿಲ್ಲ. ಅಲ್ಲಿನ ತಾಪತ್ರಯ ರಾತ್ರಿಯ ಗದ್ದಲ: ಮದುವೆಗೆ ಮುಂಚಿನ ಮೋಜಿಗೆಂದು ಬಂದ ಗಂಡಸರ ಗುಂಪುಗಳು ನಮ್ಮ ಕಿಟಕಿಯ ಕೆಳಗೆ ಹಾಡುತ್ತಿದ್ದವು. ಪಬ್‌ನಿಂದ ಪಬ್‌ಗೆ ಕರೆದೊಯ್ಯುವ ರಾತ್ರಿಯ ಪ್ರವಾಸಗಳನ್ನು ನಗರಾಡಳಿತ 2024ರಲ್ಲಿ ನಿಷೇಧಿಸಿತು. ಹಾಗಿದ್ದರೂ ಚೌಕದಿಂದ ಎರಡು ಟ್ರಾಮ್ ನಿಲ್ದಾಣದಷ್ಟಾದರೂ ದೂರದಲ್ಲಿ ಕೋಣೆ ಹಿಡಿಯುವುದು ಮೇಲು.

ರೈಲು ಟಿಕೆಟ್ ಬಗ್ಗೆ ಕೊನೆಯದಾಗಿ. ಬವೇರಿಯದೊಳಗೆ ಐವರಿಗೆ ಒಂದೇ ದಿನದ ಟಿಕೆಟ್ ಸಿಗುತ್ತದೆ. ಆರನೆಯವರು ಯಾರು ಎಂಬ ಜಗಳಕ್ಕೆ ಅದು ದಾರಿ. ಅದನ್ನು ನೆಚ್ಚದೆ, ಇಡೀ ದಾರಿಗೆ ಕೆಲವು ವಾರ ಮೊದಲೇ ಅಗ್ಗದ ಟಿಕೆಟ್ ತೆಗೆಯಿರಿ. ಪ್ರಾಗ್ ರೈಲಿಗೆ ಜೆಕ್ ರೈಲ್ವೆಯ ತಾಣದಲ್ಲೂ, ವಿಯೆನ್ನಾಕ್ಕೆ ಆಸ್ಟ್ರಿಯ ರೈಲ್ವೆಯ ತಾಣದಲ್ಲೂ ಬೆಲೆ ನೋಡಿ. ಆರೂ ಮಂದಿಗೆ ಒಂದೇ ಸಲ ಟಿಕೆಟ್ ತೆಗೆಯುವುದರಲ್ಲಿ ಒಂದು ಉಪಾಯವಿದೆ. ಐರೋಪ್ಯ ಒಕ್ಕೂಟದ ನಿಯಮದಂತೆ ಒಂದು ಗಂಟೆ ತಡವಾದರೆ ದರದ ಕಾಲು ಭಾಗ, ಎರಡು ಗಂಟೆ ತಡವಾದರೆ ಅರ್ಧ ಪರಿಹಾರ ಬರುತ್ತದೆ. ಆದರೆ ನಾಲ್ಕು ಯೂರೋಗಿಂತ ಕಡಿಮೆ ಮೊತ್ತವನ್ನು ಕೊಡದಿರಲು ಅವಕಾಶವಿದೆ. ಅಗ್ಗದ ಬಿಡಿ ಟಿಕೆಟ್ಟಿನ ಕಾಲು ಭಾಗ ಎಷ್ಟೋ ಸಲ ಅಷ್ಟೂ ಆಗುವುದಿಲ್ಲ. ಭಾನುವಾರ ಸಂಜೆ ವಿಯೆನ್ನಾದಿಂದ ಹೊರಟ ನಮ್ಮ ರೈಲು ತಡವಾದಾಗ ಒಟ್ಟಿಗೆ ತೆಗೆದ ಟಿಕೆಟ್ಟಿನ ಮೇಲೆ ಪರಿಹಾರ ಬಂತು. ಅದನ್ನು ವಿಜಯನಗರದ ಗೆಳೆಯ ಆರು ಪಾಲು ಮಾಡಿ, ಒಪೆರಾದಿಂದ ನಡುವೆ ಎದ್ದು ಹೋದ ಇಬ್ಬರ ಪಾಲಿನಿಂದ ಅವರು ಅಂದು ಹತ್ತಿದ ಟ್ಯಾಕ್ಸಿಯ ಬಾಕಿಯನ್ನು ಕಳೆದುಕೊಂಡು ಕಳಿಸಿದ.