ಕೋವಿಡ್ ಕಾಲದ ವೃತ್ತಿ ಶಿಕ್ಷಣ: ನಾಲ್ಕು ದಾರಿಗಳ ಹೋಲಿಕೆ

ಕೋವಿಡ್-19ರ ಅವಧಿಯಲ್ಲಿ ತೀವ್ರ ನಿಗಾ ಘಟಕದ ಶುಶ್ರೂಷಕಿಯಾಗಿ ದುಡಿಯುತ್ತಲೇ ನಾನು ನಾಲ್ಕು ಬಗೆಯಲ್ಲಿ ಕಲಿತೆ: ಮೊದಲೇ ರೆಕಾರ್ಡ್ ಮಾಡಿಟ್ಟ ಆನ್‌ಲೈನ್ ಪಾಠಗಳು, ನೇರಪ್ರಸಾರದ ವೆಬಿನಾರುಗಳು, ತಜ್ಞರೊಂದಿಗಿನ ಪ್ರಕರಣ ಚರ್ಚೆಗಳು ಮತ್ತು ವಾರ್ಡಿನಲ್ಲಿಯೇ ನಡೆಯುವ ಅಣಕು ಅಭ್ಯಾಸ. ಮುಂದಿನ ಪಾಳಿಯಲ್ಲಿ ರೋಗಿಯ ಪಕ್ಕ ನಿಂತಾಗ ನನ್ನ ಕೆಲಸ ಬದಲಾಯಿತೇ ಎಂಬ ಒಂದೇ ಪ್ರಶ್ನೆಯಿಂದ ಇವುಗಳನ್ನು ಇಲ್ಲಿ ಅಳೆದಿದ್ದೇನೆ.

ರೆಕಾರ್ಡ್ ಮಾಡಿದ ಪಾಠಗಳ ದೊಡ್ಡ ಗುಣವೆಂದರೆ ಅವು ಬೇಗ ಕೈಗೆ ಸಿಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಈ ರೋಗವನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆಯುವ ಮೊದಲೇ, ಅದರ ಉಚಿತ ಕಲಿಕಾ ತಾಣವಾದ ಓಪನ್‌ಡಬ್ಲ್ಯುಎಚ್‌ಒದಲ್ಲಿ ಪರಿಚಯದ ಪಾಠ ಬಂದಿತ್ತು. ರಾತ್ರಿ ಪಾಳಿಯವರು ತಮಗೆ ಬಿಡುವಾದಾಗ ನೋಡಬಹುದು, ಅರ್ಥವಾಗದ ಭಾಗವನ್ನು ಮತ್ತೆ ಕೇಳಬಹುದು. ಆದರೆ ಪಾಠಕ್ಕೂ ವಯಸ್ಸಾಗುತ್ತದೆ. ಸ್ಟೀರಾಯ್ಡ್‌ಗಳನ್ನು ವಾಡಿಕೆಯಾಗಿ ಕೊಡಬಾರದೆಂಬುದು ಆರಂಭದ ಮಾರ್ಗಸೂಚಿಯಾಗಿತ್ತು. 2020ರ ಜೂನ್ 16ರಂದು ಕೋವಿಡ್ ಔಷಧಿಗಳನ್ನು ಪರೀಕ್ಷಿಸುತ್ತಿದ್ದ ಬ್ರಿಟನ್ನಿನ ರಿಕವರಿ ಪ್ರಯೋಗದ ಫಲಿತಾಂಶ ಪ್ರಕಟವಾಗಿ, ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ಮತ್ತು ಆಮ್ಲಜನಕ ಪಡೆಯುತ್ತಿದ್ದವರ ಸಾವನ್ನು ಐದನೇ ಒಂದರಷ್ಟು ತಗ್ಗಿಸುತ್ತದೆಂದೂ, ಆಮ್ಲಜನಕವೇ ಬೇಡದವರಿಗೆ ಅದರಿಂದ ಲಾಭವಿಲ್ಲವೆಂದೂ ತಿಳಿಯಿತು. ಅದಕ್ಕೂ ಹಿಂದೆ ರೆಕಾರ್ಡ್ ಮಾಡಿದ ಪಾಠ ಆ ದಿನದಿಂದ ದಾರಿ ತಪ್ಪಿಸತೊಡಗಿತು. ಆದ್ದರಿಂದ ಪರಿಷ್ಕರಣೆಯ ದಿನಾಂಕವನ್ನು ಕಾಣಿಸದ ಪಾಠವನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ವೆಬಿನಾರುಗಳು ಹೊಸ ಸುದ್ದಿಯನ್ನು ಅದೇ ವಾರ ತಲುಪಿಸುತ್ತಿದ್ದವು. ಅವುಗಳ ಉಪಯೋಗ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತಿತ್ತು. ನೂರಾರು ಜನ ಸೇರಿದಲ್ಲಿ ನಮ್ಮ ಪ್ರಶ್ನೆಯ ಸರದಿ ಬರುವುದು ಅಪರೂಪ, ದಣಿದ ದೇಹಕ್ಕೆ ಪಾಳಿ ಮುಗಿದ ಮೇಲಿನ ಉಪನ್ಯಾಸ ಹಿಡಿಯುವುದೂ ಇಲ್ಲ.

ನನಗೆ ಅತ್ಯಂತ ಹೆಚ್ಚು ದಕ್ಕಿದ್ದು ಪ್ರಕರಣ ಚರ್ಚೆ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ ಅವರು ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ ಆರಂಭಿಸಿದ ಪ್ರಾಜೆಕ್ಟ್ ಎಕೋ ಈ ಪದ್ಧತಿಯ ಪ್ರಸಿದ್ಧ ಮಾದರಿ. ದೂರದ ಚಿಕಿತ್ಸಾಲಯದವರು ತಮ್ಮ ರೋಗಿಯ ವಿವರವನ್ನು, ಗುರುತು ಮರೆಮಾಡಿ, ಪರದೆಯ ಮುಂದಿಡುತ್ತಾರೆ. ತಜ್ಞರೂ ಇತರ ಊರುಗಳ ಸಹೋದ್ಯೋಗಿಗಳೂ ಕೂಡಿ ಯೋಚಿಸುತ್ತಾರೆ. ಹೀಗೆ ಮಾರ್ಗದರ್ಶನ ಪಡೆದ ಪ್ರಾಥಮಿಕ ಆರೈಕೆಯವರ ಚಿಕಿತ್ಸೆಯು ವಿಶ್ವವಿದ್ಯಾಲಯದ ಚಿಕಿತ್ಸಾಲಯದಷ್ಟೇ ಫಲಕಾರಿ ಎಂದು 2011ರ ಅಧ್ಯಯನ ತೋರಿಸಿತು. ನಾನು ಸೇರಿದ್ದ ಇಂಥದೊಂದು ಗುಂಪಿನಲ್ಲಿ, ಎಚ್ಚರವಿರುವ ರೋಗಿಯನ್ನು ಬೋರಲು ಮಲಗಿಸಿದಾಗ ಆಮ್ಲಜನಕದ ಮಟ್ಟ ಏರಿದರೂ ಉಸಿರಾಟದ ಶ್ರಮ ಕಡಿಮೆಯಾಗದಿದ್ದರೆ ಏನು ಮಾಡಬೇಕೆಂಬ ಪ್ರಶ್ನೆ ಬಂತು. ಪರದೆಯ ಮೇಲಿನ ಸಂಖ್ಯೆಯನ್ನಷ್ಟೇ ನಂಬದೆ ಉಸಿರಿನ ವೇಗವನ್ನೂ ಕುತ್ತಿಗೆಯ ಸ್ನಾಯುಗಳ ಸೆಳೆತವನ್ನೂ ನೋಡಿ, ವೆಂಟಿಲೇಟರ್‌ಗಾಗಿ ಶ್ವಾಸನಾಳಕ್ಕೆ ನಳಿಕೆ ಹಾಕುವ ನಿರ್ಧಾರವನ್ನು ಮುಂದೂಡಬಾರದೆಂಬ ಆ ದಿನದ ಮಾತು ಮರುದಿನವೇ ನಾನು ಬರೆದ ರೋಗಿಯ ಚಾರ್ಟಿನಲ್ಲಿ ಕಾಣಿಸಿತು. ಇದಕ್ಕೆ ನುರಿತ ನಿರ್ವಾಹಕರು ಬೇಕು. ಹಿರಿಯ ವೈದ್ಯರೇ ಮಾತಾಡಿ ಮುಗಿಸಿದರೆ ಅದು ಇನ್ನೊಂದು ವೆಬಿನಾರ್ ಆಗುತ್ತದೆ.

ಕೈಗೆ ಸಂಬಂಧಿಸಿದ ಕೌಶಲಕ್ಕೆ ಮಾತ್ರ ಚರ್ಚೆ ಸಾಲದು. ಪಿಪಿಇ, ಅಂದರೆ ಸೋಂಕಿನಿಂದ ಕಾಯುವ ರಕ್ಷಣಾ ಉಡುಪು, ಕಳಚುವ ಕ್ರಮವನ್ನು ವೀಡಿಯೊ ನೋಡಿ ಬಾಯಿಪಾಠ ಹೇಳಬಲ್ಲವರೂ ದಣಿದಾಗ ಅರಿವಿಲ್ಲದೆ ಮಾಸ್ಕಿನ ಮುಂಭಾಗ ಮುಟ್ಟುತ್ತಾರೆ. ಜೊತೆಯವರೊಬ್ಬರು ಪಟ್ಟಿ ಹಿಡಿದು ಹಂತಹಂತವಾಗಿ ಓದುತ್ತಾ, ತಪ್ಪಿದಲ್ಲಿ ತಡೆಯುವ ಅಭ್ಯಾಸದಿಂದ ಆ ಚಲನೆ ಕೈಗೆ ಕೂರುತ್ತದೆ. ವೆಂಟಿಲೇಟರ್‌ನಲ್ಲಿದ್ದವರನ್ನು ಬೋರಲು ತಿರುಗಿಸುವುದೂ ಹಾಗೆಯೇ. ತೀವ್ರ ಉಸಿರಾಟದ ವೈಫಲ್ಯದಲ್ಲಿ ಒಮ್ಮೆಗೆ ಕನಿಷ್ಠ 16 ಗಂಟೆ ಹಾಗಿರಿಸಿದರೆ ಸಾವು ಕಡಿಮೆಯಾಗುತ್ತದೆಂದು 2013ರಲ್ಲಿಯೇ ಫ್ರಾನ್ಸಿನ ಸಂಶೋಧಕರು ತೋರಿಸಿದ್ದರು. ಆದರೆ ತಲೆಯ ಬಳಿ ನಳಿಕೆ ಹಿಡಿದವರ ಎಣಿಕೆಗೆ ಎಲ್ಲರೂ ಒಟ್ಟಿಗೆ ಚಲಿಸುವುದನ್ನು ಪುಸ್ತಕ ಕಲಿಸಲಾರದು. ಪಿಪಿಇ ಕೊರತೆಯ ತಿಂಗಳುಗಳಲ್ಲಿ ಅಭ್ಯಾಸಕ್ಕೆಂದೇ ಹಳೆಯ ಗೌನುಗಳನ್ನು ಪ್ರತ್ಯೇಕವಾಗಿ ಇಡಬೇಕಾಗುತ್ತಿತ್ತು, ಒಮ್ಮೆಗೆ ಕೆಲವರಷ್ಟೇ ಕಲಿಯಬಹುದಿತ್ತು.

ಬೇರೆ ವಿಭಾಗದಿಂದ ಹೊಸದಾಗಿ ನಿಯೋಜಿತರಾದವರಿಗೆ ಮೊದಲು ರೆಕಾರ್ಡ್ ಮಾಡಿದ ಪಾಠ, ಕೂಡಲೇ ವಾರ್ಡಿನ ಅಭ್ಯಾಸ ಎಂಬುದು ನನ್ನ ಸಲಹೆ. ಈಗಾಗಲೇ ತೀವ್ರ ನಿಗಾದಲ್ಲಿ ಇರುವವರು ವಾರಕ್ಕೊಂದು ಪ್ರಕರಣ ಚರ್ಚೆಯನ್ನು ಬಿಡದೆ ಹಿಡಿಯಲಿ. ವೆಬಿನಾರಿನ ಹಾಜರಿಗೆ ವೃತ್ತಿ ಶಿಕ್ಷಣದ ಕ್ರೆಡಿಟ್ ಅಂಕ ಸುಲಭವಾಗಿ ಸಿಕ್ಕು, ವಾರ್ಡಿನ ಅಭ್ಯಾಸಕ್ಕೆ ಏನೂ ಸಿಗದ ವ್ಯವಸ್ಥೆಯನ್ನು ನಾನು ಒಪ್ಪಲಾರೆ. ಅಭ್ಯಾಸಕ್ಕೂ ಅಂಕ ಕೊಡಬೇಕು, ಈ ಎಲ್ಲ ಕಲಿಕೆಯ ಸಮಯವನ್ನು ಕರ್ತವ್ಯದ ಅವಧಿಯೊಳಗೇ ಲೆಕ್ಕ ಹಿಡಿದು ಪಾಳಿಪಟ್ಟಿಯಲ್ಲಿ ನಮೂದಿಸಬೇಕು.